ಬೇಸಿಗೆಗೊಂದು, ಚಳಿಗಾಲಕ್ಕೊಂದು: ದೆಹಲಿಯಲ್ಲಿ ಡೀಸೆಲ್ ಅಡಿಟಿವ್ ಬದಲಿಸಬೇಕೇ? ಇಲ್ಲಿದೆ ಸಂಪೂರ್ಣ ಮಾಹಿತಿ

ನವದೆಹಲಿ: ದೀಪಾವಳಿ ಮುಗಿದು ಬೆಳಗಿನ ಮಂಜು ಶುರುವಾಯಿತೆಂದರೆ ರಾಜಧಾನಿಯ ಡೀಸೆಲ್ ವಾಹನ ಮಾಲೀಕರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಟ್ಯಾಂಕ್‌ಗೆ ಹಾಕುತ್ತಿದ್ದ ಅಡಿಟಿವ್ ನಿಲ್ಲಿಸಿ 'ವಿಂಟರ್' ಎಂದು ಬರೆದ ಬಾಟಲಿ ಕೊಳ್ಳಬೇಕೇ? ಮಾರ್ಚ್‌ನಲ್ಲಿ ಮತ್ತೆ ಹಳೆಯದಕ್ಕೆ ಮರಳಬೇಕೇ? ಕರ್ನಾಟಕದಿಂದ ವರ್ಗವಾಗಿ ಬಂದು ಆರ್.ಕೆ.ಪುರಂನ ಸರ್ಕಾರಿ ವಸತಿಗೃಹಗಳಲ್ಲಿ ನೆಲೆಸಿದವರಿಗಂತೂ ಇದು ಹೊಸ ವಿಷಯ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಾರು ಓಡಿಸುವಾಗ ಚಳಿಗೆ ಡೀಸೆಲ್ ಗಟ್ಟಿಯಾಗುವ ಮಾತನ್ನೇ ಅವರು ಕೇಳಿರುವುದಿಲ್ಲ.

ಚುಟುಕಾಗಿ ಹೇಳುವುದಾದರೆ, ದಿನನಿತ್ಯ ಓಡುವ, ವಾರಕ್ಕೊಮ್ಮೆ ಡೀಸೆಲ್ ಹಾಕಿಸುವ ಕಾರಿಗೆ ದೆಹಲಿಯ ಚಳಿಯಲ್ಲಿ ಪ್ರತ್ಯೇಕ ಅಡಿಟಿವ್ ಬೇಕಿಲ್ಲ. ಋತುವಿಗೆ ತಕ್ಕ ಬದಲಾವಣೆಯನ್ನು ತೈಲ ಸಂಸ್ಕರಣಾಗಾರಗಳೇ ಮಾಡಿರುತ್ತವೆ. ತೊಂದರೆ ಬರುವುದು ಅಕ್ಟೋಬರ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಜನವರಿವರೆಗೆ ನಿಂತೇ ಇರುವ ಕಾರು ಮತ್ತು ಜನರೇಟರ್‌ಗಳಿಗೆ. ಅದು ಹೇಗೆ? ಯಾವ ಕಾಲಕ್ಕೆ ಏನು ಬೇಕು, ಏನು ಬೇಡ? ವಿವರ ಇಲ್ಲಿದೆ.

ಚಳಿಗೆ ಡೀಸೆಲ್‌ನಲ್ಲಿ ಏನಾಗುತ್ತದೆ?

ಡೀಸೆಲ್‌ನಲ್ಲಿ ಸಹಜವಾಗಿಯೇ ಪ್ಯಾರಾಫಿನ್ ಮೇಣದ ಅಂಶವಿರುತ್ತದೆ. ಅದು ಕಲ್ಮಶವಲ್ಲ, ಚೆನ್ನಾಗಿ ಉರಿಯುವ ಅಂಶವೇ. ಬೆಚ್ಚಗಿನ ವಾತಾವರಣದಲ್ಲಿ ಈ ಮೇಣ ಪೂರ್ತಿ ಕರಗಿರುತ್ತದೆ. ಉಷ್ಣಾಂಶ ಇಳಿದಂತೆ ತೆಂಗಿನೆಣ್ಣೆ ಹೆಪ್ಪುಗಟ್ಟುವ ಹಾಗೆ ಡೀಸೆಲ್ ಕೂಡ ಮೂರು ಹಂತಗಳಲ್ಲಿ ಬದಲಾಗುತ್ತದೆ.

ಮೊದಲ ಹಂತ ಕ್ಲೌಡ್ ಪಾಯಿಂಟ್. ಇಲ್ಲಿ ಮೇಣದ ಸಣ್ಣ ಹರಳುಗಳು ಮೂಡಿ ಡೀಸೆಲ್ ಮಸುಕಾಗಿ ಕಾಣುತ್ತದೆ. ಎರಡನೆಯದು ಹರಳುಗಳು ದೊಡ್ಡದಾಗಿ ಫಿಲ್ಟರ್ ಕಟ್ಟಿಕೊಳ್ಳುವ ಹಂತ. ಇದನ್ನು ಕೋಲ್ಡ್ ಫಿಲ್ಟರ್ ಪ್ಲಗಿಂಗ್ ಪಾಯಿಂಟ್, ಸಂಕ್ಷಿಪ್ತವಾಗಿ ಸಿಎಫ್‌ಪಿಪಿ ಎನ್ನುತ್ತಾರೆ. ಮೂರನೆಯದು ಪೋರ್ ಪಾಯಿಂಟ್. ಇದಕ್ಕಿಂತ ಕೆಳಗೆ ಇಂಧನ ಹರಿಯುವುದೇ ಇಲ್ಲ. ವಾಹನ ಮಾಲೀಕರಿಗೆ ಮುಖ್ಯವಾದದ್ದು ಎರಡನೆಯ ಹಂತ. ಟ್ಯಾಂಕ್‌ನಲ್ಲಿ ಡೀಸೆಲ್ ದ್ರವವಾಗಿಯೇ ಇದ್ದರೂ ಫಿಲ್ಟರ್ ದಾಟದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ.

ಬಂಕ್‌ನಲ್ಲೇ ಬದಲಾಗುತ್ತದೆ ಡೀಸೆಲ್

ಭಾರತದಲ್ಲಿ ಮಾರಾಟವಾಗುವ ಡೀಸೆಲ್‌ನ ಗುಣಮಟ್ಟವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 1460 ಮಾನದಂಡ ನಿಗದಿಪಡಿಸುತ್ತದೆ. ಇದರ ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಚಳಿಗಾಲ, ಉಳಿದ ಎಂಟು ತಿಂಗಳು ಬೇಸಿಗೆ. ಮಳೆಗಾಲವೂ ಬೇಸಿಗೆಯ ಲೆಕ್ಕಕ್ಕೇ ಸೇರುತ್ತದೆ.

ಎರಡು ಅವಧಿಗೂ ಮಿತಿಗಳು ಬೇರೆ ಬೇರೆ:

* ಚಳಿಗಾಲದಲ್ಲಿ ಸಿಎಫ್‌ಪಿಪಿ ಗರಿಷ್ಠ 6 ಡಿಗ್ರಿ ಸೆಲ್ಸಿಯಸ್, ಪೋರ್ ಪಾಯಿಂಟ್ ಗರಿಷ್ಠ 3 ಡಿಗ್ರಿ.
* ಬೇಸಿಗೆಯಲ್ಲಿ ಸಿಎಫ್‌ಪಿಪಿ ಗರಿಷ್ಠ 18 ಡಿಗ್ರಿ, ಪೋರ್ ಪಾಯಿಂಟ್ ಗರಿಷ್ಠ 15 ಡಿಗ್ರಿ.

ಇವು ಗರಿಷ್ಠ ಮಿತಿಗಳು ಮಾತ್ರ. ಬಂಕ್‌ನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಉತ್ತಮವಾಗಿಯೂ ಇರಬಹುದು. ಆದರೆ ಬೇಸಿಗೆಯ ಡೀಸೆಲ್ 18 ಡಿಗ್ರಿಗಿಂತ ಕೆಳಗೆ ಫಿಲ್ಟರ್ ದಾಟಲೇಬೇಕೆಂದು ನಿಯಮ ಹೇಳುವುದಿಲ್ಲ ಎಂಬುದನ್ನು ಗಮನಿಸಿ.

ಇನ್ನು ದೆಹಲಿಯ ಚಳಿಯ ಲೆಕ್ಕ ನೋಡೋಣ. ಆರ್.ಕೆ.ಪುರಂಗೆ ಹತ್ತಿರದ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 2021ರ ಜನವರಿ 1ರಂದು ಕನಿಷ್ಠ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. 1935ರ ಜನವರಿ 16ರಂದು ಮೈನಸ್ 0.6 ಡಿಗ್ರಿ ದಾಖಲಾಗಿದ್ದೂ ಉಂಟು. ಹೋಲಿಕೆಗೆ, ಬೆಂಗಳೂರಿನ ಸಾರ್ವಕಾಲಿಕ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಬೆಂಗಳೂರಿನ ಅತಿ ಕೆಟ್ಟ ಚಳಿಯೂ ಚಳಿಗಾಲದ ಡೀಸೆಲ್‌ನ 6 ಡಿಗ್ರಿ ಮಿತಿಯನ್ನು ಮುಟ್ಟಿಲ್ಲ. ದೆಹಲಿಯ ಶೀತಗಾಳಿಯ ರಾತ್ರಿಗಳು ಆ ಮಿತಿಯ ಕೆಳಗೆ ಹೋಗುತ್ತವೆ.

ಹಾಗಿದ್ದರೂ ದೆಹಲಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಡೀಸೆಲ್ ಕಾರುಗಳು ಎಂದಿನಂತೆಯೇ ಓಡುತ್ತವೆ. ಕಾರಣಗಳು ಮೂರು. ಕನಿಷ್ಠ ಉಷ್ಣಾಂಶ ಇರುವುದು ಬೆಳಗಿನ ಜಾವದ ಕೆಲವೇ ಗಂಟೆ. ಟ್ಯಾಂಕ್‌ನಲ್ಲಿರುವ ಹತ್ತಾರು ಲೀಟರ್ ಡೀಸೆಲ್ ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ. ಇನ್ನು ಎಂಜಿನ್ ಒಮ್ಮೆ ಓಡತೊಡಗಿದರೆ, ಎಂಜಿನ್‌ನಿಂದ ಟ್ಯಾಂಕ್‌ಗೆ ಮರಳುವ ಬಿಸಿ ಡೀಸೆಲ್ ಉಳಿದದ್ದನ್ನೂ ಬೆಚ್ಚಗಿಡುತ್ತದೆ.

ಹಾಗಾದರೆ ಸಮಸ್ಯೆ ಇರುವುದು ಎಲ್ಲಿ?

ಸಮಸ್ಯೆ ಇರುವುದು ನಿಂತ ವಾಹನದಲ್ಲಿ. ದೆಹಲಿಯಲ್ಲಿ ವಾಹನ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ವಾಯುಮಾಲಿನ್ಯ.

ಗಾಳಿಯ ಗುಣಮಟ್ಟ ಸೂಚ್ಯಂಕ 400 ದಾಟಿದಾಗ ಶ್ರೇಣೀಕೃತ ಪ್ರತಿಕ್ರಿಯಾ ಯೋಜನೆ, ಅಂದರೆ ಗ್ರ್ಯಾಪ್‌ನ 3ನೇ ಹಂತ ಜಾರಿಗೆ ಬರುತ್ತದೆ. ಆಗ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್ ಮತ್ತು ಗೌತಮ ಬುದ್ಧ ನಗರದಲ್ಲಿ ಬಿಎಸ್-4 ಡೀಸೆಲ್ ಕಾರುಗಳ ಓಡಾಟಕ್ಕೆ ನಿರ್ಬಂಧ ಬೀಳುತ್ತದೆ. ಡೀಸೆಲ್ ಜನರೇಟರ್‌ಗಳ ಬಳಕೆಗೂ ಕಡಿವಾಣವಿದೆ. ಎನ್‌ಸಿಆರ್‌ನಲ್ಲಿ 2023ರ ಅಕ್ಟೋಬರ್ 1ರಿಂದ ಜನರೇಟರ್‌ಗಳಿಗೆ ಕಠಿಣ ನಿಯಮ ಜಾರಿಯಲ್ಲಿದೆ. ನಿರ್ಬಂಧದ ದಿನಗಳಲ್ಲಿ ಲಿಫ್ಟ್, ಆಸ್ಪತ್ರೆಯಂಥ ತುರ್ತು ಅಗತ್ಯಗಳಿಗಷ್ಟೇ ಅವು ಮೀಸಲು.

ಇದರ ಪರಿಣಾಮ ನೋಡಿ. ಅಕ್ಟೋಬರ್ ಕೊನೆಯಲ್ಲಿ ಟ್ಯಾಂಕ್ ತುಂಬಿಸಿದ ಬಿಎಸ್-4 ಕಾರು ನವೆಂಬರ್‌ನಲ್ಲಿ ಮನೆ ಮುಂದೆ ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಜನರೇಟರ್‌ನ ಟ್ಯಾಂಕ್‌ನಲ್ಲಿ ಆಗಸ್ಟ್‌ನ ಡೀಸೆಲ್ ಹಾಗೇ ಉಳಿಯುತ್ತದೆ. ಹೊರಗೆ ಋತು ಬದಲಾಗಿದೆ, ಬಂಕ್‌ನಲ್ಲಿ ಡೀಸೆಲ್ ಬದಲಾಗಿದೆ, ಟ್ಯಾಂಕ್‌ನಲ್ಲಿ ಮಾತ್ರ ಇನ್ನೂ ಬೇಸಿಗೆಯ ಡೀಸೆಲ್. ಜನವರಿಯ ನಡುರಾತ್ರಿ ವಿದ್ಯುತ್ ಕೈಕೊಟ್ಟಾಗ ಲಿಫ್ಟ್‌ಗೆ, ಮನೆಯಲ್ಲಿ ಆಮ್ಲಜನಕ ಯಂತ್ರ ನೆಚ್ಚಿಕೊಂಡ ರೋಗಿಗೆ ಇದೇ ಜನರೇಟರ್ ಆಸರೆ. ಅಂಥ ಹೊತ್ತಿನಲ್ಲಿ ಮೇಣ ಕಟ್ಟಿದ ಫಿಲ್ಟರ್ ಕೈಕೊಟ್ಟರೆ ಆಗುವ ತೊಂದರೆ ಸಣ್ಣದಲ್ಲ.

ನಿಂತ ಟ್ಯಾಂಕ್‌ನಲ್ಲಿ ಇನ್ನೊಂದು ತೊಡಕಿದೆ. ಮೇಣದ ಹರಳುಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಇಂಧನ ಎಳೆಯುವ ಕೊಳವೆ ಇರುವುದೂ ಬಹುತೇಕ ಅಲ್ಲಿಯೇ.

ಪರಿಹಾರ ಸುಲಭ, ಅದಕ್ಕೆ ಬಾಟಲಿಯೂ ಬೇಕಿಲ್ಲ. ಅಕ್ಟೋಬರ್ ಕೊನೆಗೆ ಟ್ಯಾಂಕ್ ತುಂಬಿಸಬೇಡಿ. ಇರುವ ಡೀಸೆಲ್ ಕಾಲು ಟ್ಯಾಂಕ್‌ಗೆ ಇಳಿಯಲಿ. ಬಂಕ್‌ನ ನೆಲದಡಿಯ ಟ್ಯಾಂಕ್‌ಗಳಲ್ಲಿ ಹಳೆಯ ದಾಸ್ತಾನು ಖಾಲಿಯಾಗಲು ಸ್ವಲ್ಪ ಸಮಯ ಬೇಕು. ಹಾಗಾಗಿ ನವೆಂಬರ್ ಮಧ್ಯದ ನಂತರ, ಹೆಚ್ಚು ವ್ಯಾಪಾರವಿರುವ ಬಂಕ್‌ನಲ್ಲಿ ಪೂರ್ತಿ ತುಂಬಿಸಿ. ಮುಕ್ಕಾಲು ಪಾಲು ಚಳಿಗಾಲದ ಡೀಸೆಲ್ ಸೇರಿದರೆ ಉಳಿದ ಹಳೆಯದರಿಂದ ತೊಂದರೆಯಾಗುವ ಸಾಧ್ಯತೆ ಕಡಿಮೆ.

ಚಳಿಗಾಲದ ಅಡಿಟಿವ್ ಕೆಲಸ ಮಾಡುವುದು ಹೇಗೆ?

'ವಿಂಟರ್', 'ಆಂಟಿ-ಜೆಲ್' ಎಂದು ಬರೆದ ಬಾಟಲಿಗಳಲ್ಲಿ ಮುಖ್ಯವಾಗಿ ಇರುವುದು ಕೋಲ್ಡ್ ಫ್ಲೋ ಇಂಪ್ರೂವರ್ ಎಂಬ ಪಾಲಿಮರ್. ಇದು ಮೇಣವನ್ನು ಕರಗಿಸುವುದಿಲ್ಲ, ಮೇಣ ಮೂಡುವುದನ್ನು ಪೂರ್ತಿ ತಡೆಯುವುದೂ ಇಲ್ಲ. ಹರಳುಗಳು ದೊಡ್ಡ ಹಾಳೆಗಳಂತೆ ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳದಂತೆ, ಸಣ್ಣ ಕಣಗಳಾಗಿಯೇ ಉಳಿಯುವಂತೆ ಮಾಡುತ್ತದೆ. ಸಣ್ಣ ಕಣಗಳ ನಡುವೆ ಡೀಸೆಲ್ ಹರಿದು ಫಿಲ್ಟರ್ ದಾಟುತ್ತದೆ.

ಹೀಗಾಗಿ ಸಮಯವೇ ಇಲ್ಲಿ ಮುಖ್ಯ. ಹರಳು ಮೂಡುವ ಮೊದಲೇ, ಡೀಸೆಲ್ ಇನ್ನೂ ಬೆಚ್ಚಗಿರುವಾಗಲೇ ಈ ಅಡಿಟಿವ್ ಬೆರೆತಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ, ಡೀಸೆಲ್ ಹಾಕಿಸುವುದಕ್ಕೆ ಸ್ವಲ್ಪ ಮೊದಲು ಟ್ಯಾಂಕ್‌ಗೆ ಸುರಿದರೆ ಬೀಳುವ ಇಂಧನದ ರಭಸಕ್ಕೆ ಅದು ಚೆನ್ನಾಗಿ ಬೆರೆಯುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದಾಗ ಬಾಟಲಿ ಸುರಿದರೆ ಏನೂ ಪ್ರಯೋಜನವಿಲ್ಲ. ಆಗ ವಾಹನವನ್ನು ಬಿಸಿಲಿಗೆ ಅಥವಾ ಬೆಚ್ಚಗಿನ ಜಾಗಕ್ಕೆ ತಂದು, ಅಗತ್ಯವಿದ್ದರೆ ಫಿಲ್ಟರ್ ಬದಲಿಸುವುದೇ ದಾರಿ.

ದೆಹಲಿಯಲ್ಲಿ ಇದು ಯಾರಿಗೆ ಬೇಕು? ಬೇಸಿಗೆಯ ಡೀಸೆಲ್ ತುಂಬಿಕೊಂಡಿರುವ, ಸದ್ಯಕ್ಕೆ ಖಾಲಿ ಮಾಡಲಾಗದ ದೊಡ್ಡ ಜನರೇಟರ್ ಟ್ಯಾಂಕ್‌ಗಳಿಗೆ. ಹಾಗೆಯೇ ಚಳಿಗಾಲದಲ್ಲಿ ಹಿಮಾಚಲ, ಉತ್ತರಾಖಂಡದ ಬೆಟ್ಟಗಳಿಗೆ ಹೊರಟವರಿಗೆ. ಉಳಿದವರಿಗೆ ಬೇಕಿಲ್ಲ.

ಬೇಸಿಗೆಗೆ ಯಾವ ಅಡಿಟಿವ್?

ಮಾರ್ಚ್ ಬಂದೊಡನೆ ಚಳಿಗಾಲದ ಅಡಿಟಿವ್‌ನ ಕೆಲಸ ಮುಗಿಯುತ್ತದೆ. ಟ್ಯಾಂಕ್‌ನಲ್ಲಿ ಉಳಿದದ್ದರಿಂದ ಹಾನಿಯಿಲ್ಲ, ಹಾಗೇ ಓಡಿಸಿ ಮುಗಿಸಬಹುದು. ಬೇಸಿಗೆಯ ಬಾಟಲಿಗಳಲ್ಲಿ ಇರುವುದು ಬೇರೆ ರಾಸಾಯನಿಕಗಳು. ಅವು ಹೀಗಿವೆ:

ಡಿಟರ್ಜೆಂಟ್: ಇಂಜೆಕ್ಟರ್‌ನ ತುದಿಯಲ್ಲಿ ಕೂರುವ ಮಸಿಯನ್ನು ಶುಚಿ ಮಾಡುತ್ತದೆ. ಇದು ವರ್ಷವಿಡೀ ಕೆಲಸ ಮಾಡುವಂಥದ್ದು, ಋತುವಿಗೂ ಇದಕ್ಕೂ ಸಂಬಂಧವಿಲ್ಲ. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಮೈಲ್, ಎಚ್‌ಪಿಸಿಎಲ್‌ನ ಟರ್ಬೋಜೆಟ್‌ನಂಥ ಬ್ರ್ಯಾಂಡೆಡ್ ಡೀಸೆಲ್‌ಗಳಲ್ಲಿ ಅಡಿಟಿವ್‌ಗಳು ಬೆರೆತೇ ಬರುತ್ತವೆ. ಅದನ್ನು ಹಾಕಿಸಿ, ಮೇಲೆ ಇನ್ನೊಂದು ಬಾಟಲಿ ಸುರಿಯುವುದು ದುಡ್ಡು ದಂಡ.

ಸೀಟೇನ್ ಇಂಪ್ರೂವರ್: ಡೀಸೆಲ್ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಇದರ ಉಪಯೋಗ ಹೆಚ್ಚು ಕಾಣುವುದು ಚಳಿಯ ಬೆಳಗ್ಗೆ, ಮೇ ತಿಂಗಳ ಸೆಕೆಯಲ್ಲಲ್ಲ. ಬಿಎಸ್-6 ಡೀಸೆಲ್‌ನ ಸೀಟೇನ್ ಸಂಖ್ಯೆ ಕನಿಷ್ಠ 51 ಇರಲೇಬೇಕು. ಹಾಗಾಗಿ ಸುಸ್ಥಿತಿಯ ಎಂಜಿನ್‌ಗೆ ಇದರ ಅಗತ್ಯ ಕಡಿಮೆ.

ಲೂಬ್ರಿಸಿಟಿ ಇಂಪ್ರೂವರ್: ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡಿನ ಗುಣವೂ ಸ್ವಲ್ಪ ಕಳೆದುಹೋಗುತ್ತದೆ. ದೆಹಲಿಯಲ್ಲಿ 2018ರ ಏಪ್ರಿಲ್ 1ರಿಂದ, ದೇಶಾದ್ಯಂತ 2020ರ ಏಪ್ರಿಲ್ 1ರಿಂದ ಸಿಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ. ಕಳೆದುಹೋದ ಜಿಡ್ಡಿನ ಗುಣವನ್ನು ಮಾನದಂಡದ ಮಿತಿಯೊಳಗೆ ಸರಿದೂಗಿಸುವುದು ತೈಲ ಕಂಪನಿಯ ಹೊಣೆ. ಗ್ರಾಹಕರು ಮತ್ತೆ ಬೆರೆಸಬೇಕಿಲ್ಲ.

ಸ್ಟೆಬಿಲೈಸರ್: ಬೇಸಿಗೆಯಲ್ಲಿ ನಿಜಕ್ಕೂ ಅರ್ಥವಿರುವುದು ಇದಕ್ಕೆ. 45 ಡಿಗ್ರಿ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಡೀಸೆಲ್ ಗಾಳಿಯೊಡನೆ ವರ್ತಿಸಿ ಅಂಟು, ಕಪ್ಪು ಮಡ್ಡಿ ಉಂಟಾಗುತ್ತದೆ. ಜೈವಿಕ ಡೀಸೆಲ್ ಬೆರೆತಿದ್ದರೆ ಇದು ಇನ್ನೂ ಬೇಗ. ಆರು ತಿಂಗಳಿಗೂ ಹೆಚ್ಚು ಕಾಲ ಇಂಧನ ಸಂಗ್ರಹಿಸಿಡುವವರು ತಾಜಾ ಡೀಸೆಲ್‌ಗೇ ಇದನ್ನು ಬೆರೆಸಬೇಕು. ಕೆಟ್ಟುಹೋದ ಡೀಸೆಲ್ ಅನ್ನು ಇದು ಸರಿಪಡಿಸಲಾರದು.

ಮಳೆಗಾಲದ ಶತ್ರು ನೀರು

ಜೂನ್ ಕೊನೆಯಲ್ಲಿ ದೆಹಲಿಗೆ ಮುಂಗಾರು ಬಂದಾಗ ಅಪಾಯದ ರೂಪ ಬದಲಾಗುತ್ತದೆ. ಅರ್ಧ ಖಾಲಿಯಿರುವ ಟ್ಯಾಂಕ್‌ನೊಳಗೆ ತೇವದ ಗಾಳಿ ಸೇರಿ, ರಾತ್ರಿ ತಣಿದಾಗ ಹನಿಯಾಗಿ ತಳಕ್ಕೆ ಇಳಿಯುತ್ತದೆ. ಡೀಸೆಲ್ ಮತ್ತು ನೀರು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಲೋಳೆಯಂಥ ಪದರ ಕಟ್ಟುತ್ತದೆ. ಫಿಲ್ಟರ್ ಕಪ್ಪು ಲೋಳೆಯಿಂದ ಕಟ್ಟಿಕೊಂಡಿದ್ದರೆ ಅದಕ್ಕೆ ಇದೇ ಕಾರಣವಿರಬಹುದು.

ಇದಕ್ಕೆಂದೇ ಬಯೋಸೈಡ್ ಅಡಿಟಿವ್‌ಗಳಿವೆ. ಆದರೆ ಅವು ವಿಷಕಾರಿ, ಕೈಗವಸಿಲ್ಲದೆ ಮುಟ್ಟಬಾರದು. ಕಾರಿಗಿಂತ ಜನರೇಟರ್, ದೊಡ್ಡ ಸಂಗ್ರಹ ಟ್ಯಾಂಕ್‌ಗಳಿಗೆ, ಅದೂ ನೀರನ್ನು ಹೊರತೆಗೆದ ನಂತರವಷ್ಟೇ ಬಳಸಬೇಕು.

'ನೀರು ತೆಗೆಯುವ' ಬಾಟಲಿಗಳಲ್ಲೂ ಎರಡು ಬಗೆ. ಒಂದು ನೀರನ್ನು ಬೇರ್ಪಡಿಸಿ ತಳಕ್ಕೆ ಇಳಿಸುತ್ತದೆ, ಅದನ್ನು ಫಿಲ್ಟರ್‌ನ ಕೆಳಗಿನ ತಿರುಪಿನಿಂದ ಹೊರಬಿಡಬಹುದು. ಇನ್ನೊಂದು ನೀರನ್ನು ಡೀಸೆಲ್‌ನಲ್ಲೇ ಬೆರೆಸಿ ಎಂಜಿನ್ ಮೂಲಕ ಕಳಿಸುತ್ತದೆ. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಧನದ ಒತ್ತಡ 1,600 ಬಾರ್‌ಗಿಂತಲೂ ಹೆಚ್ಚಿರುತ್ತದೆ. ಅಂಥಲ್ಲಿ ನೀರು ಹಾದುಹೋದರೆ ಇಂಜೆಕ್ಟರ್‌ಗೆ ಪೆಟ್ಟು. ಆದ್ದರಿಂದ ಲೇಬಲ್ ಓದಿ, ಬೇರ್ಪಡಿಸುವ ಬಗೆಯನ್ನೇ ಆರಿಸಿ. ಡ್ಯಾಶ್‌ಬೋರ್ಡ್‌ನಲ್ಲಿ ನೀರಿನ ಎಚ್ಚರಿಕೆ ದೀಪ ಬೆಳಗಿದರೆ ಬಾಟಲಿ ಹುಡುಕಬೇಡಿ, ಮೊದಲು ಫಿಲ್ಟರ್‌ನ ನೀರು ತೆಗೆಸಿ.

ಬದಲಿಸುವಾಗ ಈ ಅಂಶಗಳು ನೆನಪಿರಲಿ

* ಹಳೆಯ ಅಡಿಟಿವ್ ಇರುವ ಡೀಸೆಲ್ ಬಹುಪಾಲು ಮುಗಿದ ನಂತರ ಹೊಸದನ್ನು ಹಾಕಿ. ಎರಡು ಕಂಪನಿಗಳ ಅಡಿಟಿವ್‌ಗಳನ್ನು ಒಟ್ಟಿಗೇ ಸುರಿಯಬೇಡಿ. ಒಂದರ ಕೆಲಸವನ್ನು ಇನ್ನೊಂದು ಕೆಡಿಸಬಹುದು.
* ಪ್ರಮಾಣ ಮೀರಬೇಡಿ. ಲೇಬಲ್‌ನಲ್ಲಿ 1:1000 ಎಂದಿದ್ದರೆ 50 ಲೀಟರ್ ಡೀಸೆಲ್‌ಗೆ 50 ಮಿಲಿ ಲೀಟರ್ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂಬುದು ತಪ್ಪು.
* ಬಹಳ ವರ್ಷ ಓಡಿದ ವಾಹನಕ್ಕೆ ಮೊದಲ ಬಾರಿ ಡಿಟರ್ಜೆಂಟ್ ಬಳಸಿದರೆ ಕಳಚಿದ ಕೊಳೆ ಫಿಲ್ಟರ್‌ಗೆ ಬರುತ್ತದೆ. ಬದಲಿ ಫಿಲ್ಟರ್ ಇಟ್ಟುಕೊಳ್ಳಿ.
* ಬಿಎಸ್-6 ಕಾರುಗಳಲ್ಲಿ ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್ ಇರುತ್ತದೆ. ಲೋಹದ ಅಂಶವಿರುವ ಅಡಿಟಿವ್ ಉರಿದಾಗ ಬೂದಿಯಾಗಿ ಅಲ್ಲಿ ಕೂರುತ್ತದೆ, ಈ ಬೂದಿ ಸುಟ್ಟುಹೋಗುವುದಿಲ್ಲ.
* ವಾರಂಟಿ ಇನ್ನೂ ಇದ್ದರೆ ವಾಹನದ ಕೈಪಿಡಿ ನೋಡಿ. ತಯಾರಕರು ಅಡಿಟಿವ್ ಬೇಡ ಎಂದಿದ್ದರೆ ಅದೇ ಅಂತಿಮ.

ಸೀಮೆಎಣ್ಣೆ ಬೇಡವೇ ಬೇಡ

ಚಳಿಗೆ ಡೀಸೆಲ್ ಗಟ್ಟಿಯಾಗದಿರಲು ಸೀಮೆಎಣ್ಣೆ ಬೆರೆಸಿ ಎಂಬ ಸಲಹೆ ಲಾರಿ ಚಾಲಕರಿಂದ ಇಂದಿಗೂ ಕೇಳಿಬರುತ್ತದೆ. ಹಳೆಯ ಎಂಜಿನ್‌ಗಳ ಕಾಲದಲ್ಲಿ ಅದು ನಡೆಯುತ್ತಿತ್ತು, ಈಗ ನಡೆಯುವುದಿಲ್ಲ. ಸೀಮೆಎಣ್ಣೆಗೆ ಜಿಡ್ಡಿನ ಗುಣ ಕಡಿಮೆ, ಪಂಪ್ ಮತ್ತು ಇಂಜೆಕ್ಟರ್ ಸವೆಯುತ್ತವೆ. ಅದರಲ್ಲಿನ ಗಂಧಕ ಬಿಎಸ್-6 ಡೀಸೆಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಹೊಗೆ ಶುದ್ಧೀಕರಿಸುವ ದುಬಾರಿ ಉಪಕರಣ ಇದರಿಂದ ಹಾಳಾಗುತ್ತದೆ. ಪೆಟ್ರೋಲ್ ಬೆರೆಸುವುದಂತೂ ಬೆಂಕಿ ಅನಾಹುತಕ್ಕೆ ಆಹ್ವಾನ. ಟ್ಯಾಂಕ್ ಕೆಳಗೆ ಬೆಂಕಿ ಹಚ್ಚಿ ಡೀಸೆಲ್ ಬಿಸಿ ಮಾಡುವ ಹಳೆಯ ಪದ್ಧತಿಯೂ ಅಷ್ಟೇ ಅಪಾಯಕಾರಿ.

ಡಿಇಎಫ್ ಅಡಿಟಿವ್ ಅಲ್ಲ

ಹಲವು ಬಿಎಸ್-6 ಡೀಸೆಲ್ ವಾಹನಗಳಿಗೆ ಬೇಕಾಗುವ ಡಿಇಎಫ್ ಅಥವಾ ಆಡ್‌ಬ್ಲೂ ದ್ರವವನ್ನೂ ಕೆಲವರು ಅಡಿಟಿವ್ ಎಂದುಕೊಳ್ಳುತ್ತಾರೆ. ಅದು ಶೇ 32.5ರಷ್ಟು ಯೂರಿಯಾ ಬೆರೆತ ಶುದ್ಧ ನೀರು. ಅದರ ಟ್ಯಾಂಕ್ ಬೇರೆಯೇ ಇರುತ್ತದೆ. ತಪ್ಪಿ ಡೀಸೆಲ್ ಟ್ಯಾಂಕ್‌ಗೆ ಸುರಿದರೆ ಎಂಜಿನ್ ಸ್ಟಾರ್ಟ್ ಮಾಡದೆ ಸರ್ವೀಸ್ ಕೇಂದ್ರಕ್ಕೆ ಕರೆ ಮಾಡಿ.

ಡಿಇಎಫ್ ಹೆಪ್ಪುಗಟ್ಟುವುದು ಮೈನಸ್ 11 ಡಿಗ್ರಿಯಲ್ಲಿ, ಹಾಗಾಗಿ ದೆಹಲಿಯ ಚಳಿಗೆ ಅದು ಜಗ್ಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಎಚ್ಚರ ಬೇಕು. 25 ಡಿಗ್ರಿಯೊಳಗೆ ಇಟ್ಟರೆ 18 ತಿಂಗಳು ಬಾಳುವ ಡಿಇಎಫ್, 35 ಡಿಗ್ರಿಯಲ್ಲಿ 6 ತಿಂಗಳಷ್ಟೇ ಬಾಳುತ್ತದೆ. ಮೇ, ಜೂನ್‌ನಲ್ಲಿ ದೊಡ್ಡ ಕ್ಯಾನ್ ಕೊಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಡಿ.

ಮನಾಲಿ, ಲಡಾಖ್‌ಗೆ ಹೊರಟಿದ್ದೀರಾ?

ರಜೆಗೆ ಬೆಂಗಳೂರಿನಿಂದ ಕಾರಿನಲ್ಲೇ ಬಂದು, ದೆಹಲಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಬೆಟ್ಟಗಳತ್ತ ಹೊರಡುವ ಕನ್ನಡಿಗರಿಗೆ ಈ ಮಾಹಿತಿ ಮುಖ್ಯ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಣಿವೆ ತಲುಪುವುದು ಸುಲಭವಾಗಿದೆ. ಅಲ್ಲಿನ ರಾತ್ರಿಗಳು ಶೂನ್ಯಕ್ಕಿಂತ ಬಹಳ ಕೆಳಗೆ ಇಳಿಯುತ್ತವೆ. ದೆಹಲಿಯಲ್ಲಿ ತುಂಬಿಸಿದ ಡೀಸೆಲ್ ಅಲ್ಲಿಗೆ ಸಾಲದು.

ಲಡಾಖ್‌ಗಾಗಿ ಇಂಡಿಯನ್ ಆಯಿಲ್ ಪಾಣಿಪತ್ ಸಂಸ್ಕರಣಾಗಾರದಲ್ಲಿ ವಿಶೇಷ ವಿಂಟರ್ ಡೀಸೆಲ್ ತಯಾರಿಸುತ್ತದೆ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಈ ಇಂಧನದ ಮಾರಾಟಕ್ಕೆ 2019ರ ನವೆಂಬರ್ 17ರಂದು ಗೃಹ ಸಚಿವ ಅಮಿತ್ ಶಾ ಚಾಲನೆ ನೀಡಿದ್ದರು. ಚಳಿಗಾಲದಲ್ಲಿ ಬೆಟ್ಟ ಹತ್ತುವವರು ಅರ್ಧ ಟ್ಯಾಂಕ್‌ನಲ್ಲಿ ಹೊರಟು ಮೇಲಿನ ಊರುಗಳಲ್ಲಿ ಸ್ಥಳೀಯವಾಗಿ ಸಿಗುವ ಡೀಸೆಲ್ ತುಂಬಿಸಿ. ಅಡಿಟಿವ್ ಬಳಸುವುದಾದರೆ ಚಂಡೀಗಢದ ಆಸುಪಾಸಿನಲ್ಲಿ, ಇಂಧನ ಬೆಚ್ಚಗಿರುವಾಗಲೇ ಬೆರೆಸಿ.

ಕಾರು ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಅನ್ನೇ ದೂರಬೇಡಿ

ದೆಹಲಿಯ ಚಳಿಯಲ್ಲಿ ಡೀಸೆಲ್ ಕಾರು ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಬ್ಯಾಟರಿ, ನಂತರ ಗ್ಲೋ ಪ್ಲಗ್. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯ ದೋಷ. ಚೆನ್ನಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಗ್ಲೋ ಪ್ಲಗ್ ಅಥವಾ ಇಂಧನದ ಕಡೆ ನೋಡಿ.

ನಿಂತ ಜನರೇಟರ್‌ನ ಡೀಸೆಲ್ ಬಗ್ಗೆ ಅನುಮಾನವಿದ್ದರೆ ಒಂದು ಸರಳ ಪರೀಕ್ಷೆ ಇದೆ. ಟ್ಯಾಂಕ್ ತಳದಿಂದ ಸ್ವಲ್ಪ ಡೀಸೆಲ್ ತೆಗೆದು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ರಾತ್ರಿ ಹೊರಗಿಡಿ. ಬೆಳಿಗ್ಗೆ ಮಸುಕಾಗಿ, ಬಿಸಿಲೇರಿದ ಮೇಲೆ ತಿಳಿಯಾದರೆ ಅದು ಮೇಣ. ತಳದಲ್ಲಿ ಬೇರೆಯಾದ ಹನಿಗಳು ಕಂಡರೆ ಅದು ನೀರು.

ದೆಹಲಿಗೆ ಡೀಸೆಲ್ ಕ್ಯಾಲೆಂಡರ್

ಅಕ್ಟೋಬರ್: ಟ್ಯಾಂಕ್ ಖಾಲಿ ಮಾಡುತ್ತಾ ಬನ್ನಿ. ಫಿಲ್ಟರ್‌ನ ನೀರು ತೆಗೆಸಿ, ಬ್ಯಾಟರಿ ಪರೀಕ್ಷಿಸಿ.

ನವೆಂಬರ್: ಮಧ್ಯಭಾಗದ ನಂತರ ಪೂರ್ತಿ ತುಂಬಿಸಿ. ಜನರೇಟರ್‌ನಲ್ಲಿ ಬೇಸಿಗೆಯ ಡೀಸೆಲ್ ಉಳಿದಿದ್ದರೆ ಚಳಿಗಾಲದ ಅಡಿಟಿವ್ ಬೆರೆಸಲು ಇದೇ ಸಮಯ.

ಡಿಸೆಂಬರ್, ಜನವರಿ: ನಿರ್ಬಂಧ ಇಲ್ಲದ ದಿನ ನಿಂತ ಕಾರನ್ನು ಒಂದಿಷ್ಟು ದೂರ ಓಡಿಸಿ.

ಫೆಬ್ರವರಿ, ಮಾರ್ಚ್: ಚಳಿಗಾಲದ ಅಡಿಟಿವ್ ನಿಲ್ಲಿಸಿ. ಇರುವುದನ್ನು ಬಳಸಿ ಮುಗಿಸಿ.

ಏಪ್ರಿಲ್‌ನಿಂದ ಜೂನ್: ತಿಂಗಳುಗಟ್ಟಲೆ ಇಡುವ ಡೀಸೆಲ್‌ಗೆ ಮಾತ್ರ ಸ್ಟೆಬಿಲೈಸರ್. ಡಿಇಎಫ್ ನೆರಳಿನಲ್ಲಿರಲಿ.

ಜುಲೈನಿಂದ ಸೆಪ್ಟೆಂಬರ್: ಟ್ಯಾಂಕ್ ಆದಷ್ಟು ತುಂಬಿರಲಿ. ಫಿಲ್ಟರ್‌ನ ನೀರು ಆಗಾಗ ತೆಗೆಸಿ.

ಒಟ್ಟಿನಲ್ಲಿ ಋತು ಬದಲಾದಾಗ ಅಂಗಡಿಗೆ ಹೋಗುವ ಮೊದಲು ನಿಮ್ಮ ಟ್ಯಾಂಕ್‌ನಲ್ಲಿರುವ ಡೀಸೆಲ್ ಯಾವ ತಿಂಗಳಿನದು ಎಂದು ನೆನಪಿಸಿಕೊಳ್ಳಿ. ಈ ತಿಂಗಳಿನದೇ ಆಗಿದ್ದರೆ ಬಾಟಲಿಯ ಹಣ ಉಳಿಯಿತು. ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಜನರೇಟರ್ ಬಗ್ಗೆಯೂ ಇದೇ ಪ್ರಶ್ನೆ ಕೇಳುವುದನ್ನು ಮರೆಯಬೇಡಿ.